‘ರಿಜ್’ ಎಂಬ ಪದ: ಅದರ ಮೂಲ, ಅರ್ಥ ಮತ್ತು ಪ್ರಯೋಗ

ಇಂಗ್ಲಿಷಿನಲ್ಲಿ ಈಚೆಗೆ ಬಳಕೆಗೆ ಬಂದಿರುವ ‘ರಿಜ್’ ಎಂಬ ಪದವು ನಮ್ಮ ವಿದ್ಯಾರ್ಥಿಗಳ ಬಾಯಲ್ಲಿಯೂ ಕೇಳಿಬರತೊಡಗಿದೆ. ಇದನ್ನು ಹುಡುಗಾಟದ ಮಾತೆಂದು ತಳ್ಳಿಹಾಕುವ ಮೊದಲು ಅದರ ಕುಲಗೋತ್ರಗಳನ್ನು ವಿಚಾರಿಸುವುದು ಉಪಾಧ್ಯಾಯರಾದ ನಮಗೆ ಉಚಿತವಾದುದು.

ಆಕ್ಸ್‌ಫರ್ಡ್ ನಿಘಂಟುಗಳ ಪ್ರಕಾಶಕರು ಈ ಪದವನ್ನು 2023ನೆಯ ಇಸವಿಯ ‘ವರ್ಷದ ಪದ’ವೆಂದು ಆರಿಸಿದರು. ಶೈಲಿ, ಮೋಹಕತೆ, ಆಕರ್ಷಣೆ ಎಂಬುದು ಅದರ ಅರ್ಥ. ಅದರಲ್ಲಿಯೂ ಪ್ರಣಯದಲ್ಲಿ ಮತ್ತೊಬ್ಬರನ್ನು ತನ್ನತ್ತ ಸೆಳೆದುಕೊಳ್ಳುವ ಸಾಮರ್ಥ್ಯವೆಂಬುದು ಮುಖ್ಯ. ಅಮೆರಿಕದ ಕೈ ಸೆನಾಟ್ ಎಂಬ ತರುಣನ ಅಂತರ್ಜಾಲ ಪ್ರಸಾರಗಳಿಂದ ಅದು ಹರಡಿತು. ನಟ ಟಾಮ್ ಹಾಲೆಂಡ್ 2023ರಲ್ಲಿ, ತನ್ನಲ್ಲಿ ಅದು ಕಿಂಚಿತ್ತೂ ಇಲ್ಲವೆಂದು ಸಂದರ್ಶನವೊಂದರಲ್ಲಿ ಹೇಳಿದ ಮೇಲೆ ಇನ್ನಷ್ಟು ಜನರ ಕಿವಿಗೆ ಬಿದ್ದಿತು.

ಪದದ ರಚನೆ ಗಮನಾರ್ಹವಾಗಿದೆ. ‘ಕರಿಜ್ಮ’ ಎಂಬ ದೊಡ್ಡ ಪದದ ತಲೆಯನ್ನೂ ಬಾಲವನ್ನೂ ಕತ್ತರಿಸಿ ನಡುವನ್ನು ಉಳಿಸಿಕೊಂಡಾಗ ‘ರಿಜ್’ ಆಯಿತು. ‘ಆಮ್ನಿಬಸ್’ನ ಕೊನೆ ಉಳಿದು ಬಸ್ಸಾಯಿತು; ‘ಟೆಲಿಫೋನ್’ನ ಕೊನೆ ಉಳಿದು ಫೋನಾಯಿತು; ‘ರೆಫ್ರಿಜರೇಟರ್’ನ ನಡು ಉಳಿದು ಫ್ರಿಜ್ಜಾಯಿತು. ಇವೆಲ್ಲ ಕನ್ನಡದಲ್ಲಿ ಮನೆಮಾತಾಗಿರುವುದರಿಂದ ಈ ವಿಧಾನವನ್ನು ಮಕ್ಕಳಿಗೆ ತಿಳಿಸುವುದು ಕಷ್ಟವಲ್ಲ.

‘ಕರಿಜ್ಮ’ದ ಚರಿತ್ರೆ ದೀರ್ಘವಾದುದು. ಗ್ರೀಕಿನಲ್ಲಿ ‘ಖಾರಿಸ್’ ಎಂದರೆ ಕೃಪೆ. ‘ಖಾರಿಸ್ಮ’ ಎಂದರೆ ಕೃಪೆಯಿಂದ ದೊರೆತ ವರ. ಸಂತ ಪೌಲನ ಪತ್ರಗಳಲ್ಲಿ ಅದು ದೈವದತ್ತವಾದ ಶಕ್ತಿಗಳಿಗೆ ಸಲ್ಲುತ್ತದೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ (1864–1920) ಇದನ್ನು ಲೌಕಿಕ ವಿಚಾರಕ್ಕೆ ತಂದನು. ಜನರು ಅಧಿಕಾರವನ್ನು ಒಪ್ಪುವುದು ಸಂಪ್ರದಾಯದಿಂದ, ಕಾನೂನಿನಿಂದ, ಇಲ್ಲವೆ ವ್ಯಕ್ತಿಯ ಅಸಾಧಾರಣ ಪ್ರಭಾವದಿಂದ ಎಂದು ಅವನು ಮೂರು ಬಗೆ ಮಾಡಿ, ಮೂರನೆಯದಕ್ಕೆ ಈ ಹೆಸರಿಟ್ಟನು. ಅನುಯಾಯಿಗಳು ಮನ್ನಿಸುವವರೆಗೆ ಮಾತ್ರ ಆ ಪ್ರಭಾವ ಉಳಿಯುತ್ತದೆಂಬುದು ಅವನ ಮತ. ದೇವರ ವರವಾಗಿದ್ದುದು ನಾಯಕನ ಗುಣವಾಗಿ, ಈಗ ತರುಣರ ಮಾತಿನ ಚಾತುರ್ಯಕ್ಕೆ ಇಳಿದಿರುವುದನ್ನು ಅರ್ಥವ್ಯತ್ಯಾಸಕ್ಕೆ ಉದಾಹರಣೆಯಾಗಿ ಹೇಳಬಹುದು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕಡೆಯವರು ಇಲ್ಲಿ ಒಂದು ಎಚ್ಚರವನ್ನು ವಹಿಸಬೇಕು. ಹಿಂದಿ ಮರಾಠಿಗಳಲ್ಲಿ ಕೇಳುವ ‘ಕರಿಶ್ಮಾ’ ಎಂಬ ಪದವು ಧ್ವನಿಯಲ್ಲಿಯೂ ಅರ್ಥದಲ್ಲಿಯೂ ಇದನ್ನು ಹೋಲುತ್ತದೆ. ಆದರೆ ಅದು ಫಾರಸಿಯ ‘ಕಿರಿಶ್ಮ’ದಿಂದ ಬಂದುದು. ಕಡೆಗಣ್ಣಿನ ನೋಟ, ಬೆಡಗು, ಪವಾಡ ಎಂಬುವು ಅದರ ಅರ್ಥಗಳು. ಗ್ರೀಕ್ ಪದಕ್ಕೂ ಇದಕ್ಕೂ ಹುಟ್ಟಿನ ಸಂಬಂಧವಿಲ್ಲ. ಹೋಲಿಕೆ ಕಂಡಲ್ಲೆಲ್ಲ ಒಂದೇ ಮೂಲವನ್ನು ಕಲ್ಪಿಸಬಾರದೆಂಬ ಪಾಠ ನಮ್ಮ ಪದಗಳ ವಿಚಾರದಲ್ಲಿಯೂ ಸಲ್ಲುತ್ತದೆ.

ಹಾಗಾದರೆ ಕನ್ನಡದಲ್ಲಿ ಏನೆನ್ನಬೇಕು? ‘ಕರಿಜ್ಮ’ಕ್ಕೆ ‘ವರ್ಚಸ್ಸು’ ಒಪ್ಪುತ್ತದೆ. ಕಾಂತಿ, ತೇಜಸ್ಸು ಎಂಬ ಅರ್ಥದ ಸಂಸ್ಕೃತ ‘ವರ್ಚಸ್’ ಅದರ ಮೂಲ. ವರ್ಚಸ್ಸು ಬೆಳೆಯುತ್ತದೆ, ಕುಂದುತ್ತದೆ. ಯಾರೂ ಅದನ್ನು ಇನ್ನೊಬ್ಬರ ಮೇಲೆ ‘ಹಾಕು’ವುದಿಲ್ಲ. ‘ರಿಜ್’ ಹಾಗಲ್ಲ, ಇಂಗ್ಲಿಷಿನಲ್ಲಿ ಅದು ‘ಅಪ್’ ಎಂಬುದರೊಡನೆ ಸೇರಿ ಕ್ರಿಯಾಪದವೂ ಆಗುತ್ತದೆ. ನಮ್ಮ ‘ಮೋಡಿ’ಯೂ ಅಂತೆಯೇ: ಮೋಡಿ ಮಾಡುತ್ತಾರೆ, ಮೋಡಿ ಹಾಕುತ್ತಾರೆ, ಮೋಡಿಗೆ ಒಳಗಾಗುತ್ತಾರೆ. ಹಳೆಯ ಕಾಗದಪತ್ರಗಳ ಮೋಡಿ ಅಕ್ಷರವನ್ನು ಬಲ್ಲ ಮನೆಗಳಲ್ಲಿ ಈ ಪದದ ಇನ್ನೊಂದು ಅರ್ಥವೂ ಪರಿಚಿತವಾಗಿದೆ. ಇವಲ್ಲದೆ ಕಳೆ, ಸೊಬಗು, ಬೆಡಗು, ಬಿನ್ನಾಣ, ಒಯ್ಯಾರ ಮುಂತಾದುವು ಇವೆ. ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲದು.

ತರಗತಿಯಲ್ಲಿ ಮೂರು ವಾಕ್ಯಗಳನ್ನು ಬರೆದು ಬಿಟ್ಟ ಸ್ಥಳವನ್ನು ತುಂಬಿಸಬಹುದು. “ಊರವರೆಲ್ಲ ಆ ಹಿರಿಯರ ಮಾತಿಗೆ ತಲೆಬಾಗುತ್ತಾರೆ, ಅವರ ___ ಅಂತಹುದು.” “ಅಂಗಡಿಯವನು ಮಾತಿನಲ್ಲಿಯೇ ___ ಮಾಡಿ ಹಳೆಯ ಸರಕನ್ನು ಮಾರಿಬಿಟ್ಟನು.” “ಉಟ್ಟ ಬಟ್ಟೆ ಸಾಧಾರಣವಾದರೂ ಮಗುವಿನ ಮುಖದಲ್ಲಿ ___ ಇದೆ.” ವರ್ಚಸ್ಸು, ಮೋಡಿ, ಕಳೆ ಎಂಬುವು ಕ್ರಮವಾಗಿ ಸಲ್ಲುತ್ತವೆ; ‘ರಿಜ್’ಗೆ ಹತ್ತಿರವಾದುದು ಎರಡನೆಯದೊಂದೇ ಎಂಬುದು ಮಕ್ಕಳಿಗೇ ತೋರುತ್ತದೆ.

ಗಡಿಪ್ರದೇಶದ ನಮ್ಮ ಮಕ್ಕಳಲ್ಲಿ ಅನೇಕರಿಗೆ ಪೇಟೆಯ ಭಾಷೆ ಬೇರೆ, ಕಛೇರಿಯ ಭಾಷೆ ಬೇರೆ. ಕನ್ನಡವನ್ನು ಬರೆಯುವ ಸ್ಥಳ ಶಾಲೆಯೊಂದೇ. ಅಲ್ಲಿ ‘ರಿಜ್’ ಎಂದ ಹುಡುಗನನ್ನು ಗದರಿಸಿ ಕೂರಿಸಿದರೆ ಆ ಪದವನ್ನು ಅವನು ಬಿಡುವುದಿಲ್ಲ. ‘ವರ್ಚಸ್ಸು’, ‘ಮೋಡಿ’ಗಳನ್ನು ಕಲಿಯುವ ಸಂದರ್ಭ ಮಾತ್ರ ತಪ್ಪಿಹೋಗುತ್ತದೆ. ಬಂದ ಪದವನ್ನು ನೆಪವಾಗಿಸಿಕೊಂಡು ಇರುವ ಪದಗಳನ್ನು ಅವನ ಬಾಯಿಗೆ ತರುವುದೇ ಮೇಲೆಂದು ನಾವು ಭಾವಿಸುತ್ತೇವೆ. ಸೋದರ ಉಪಾಧ್ಯಾಯರು ತಮ್ಮ ತಮ್ಮ ಊರುಗಳಲ್ಲಿ ಈ ಅರ್ಥಕ್ಕೆ ಬಳಕೆಯಲ್ಲಿರುವ ಮಾತುಗಳನ್ನೂ ಮಕ್ಕಳಿಂದ ಬರೆಯಿಸಿ ಸಂಗ್ರಹಿಸಿದರೆ ಗಡಿನಾಡಿನ ಕನ್ನಡಕ್ಕೆ ಅದೊಂದು ಉಪಯುಕ್ತ ಸೇವೆಯಾದೀತು.