ಬೈನರಿ ಸರ್ಚ್ ಪುಟ ತೆಗೆದು ನೋಡಿ

ಜಯನಗರದಲ್ಲಿ ಮನೆ ಹುಡುಕುವವರು ಒಂದೊಂದೇ ಗೇಟು ನೋಡುತ್ತ ಬರುವುದಿಲ್ಲ. ಮೊದಲು ಬ್ಲಾಕು, ಆಮೇಲೆ ಮೇನು, ಕ್ರಾಸು, ಕೊನೆಗೆ ಮನೆ ನಂಬರು. ಒಂದೊಂದು ಹೆಜ್ಜೆಗೂ ಸಾವಿರಾರು ಮನೆಗಳ ಗೊಡವೆ ತಪ್ಪುತ್ತದೆ. (ನಡುವೆ 4ನೇ ‘ಟಿ’ ಬ್ಲಾಕು ಎದುರಾದರೆ ಹೊಸಬರು ತಬ್ಬಿಬ್ಬಾಗುತ್ತಾರೆ, ಅದು ಬೇರೆ ಮಾತು.) ಹುಡುಕಲು ಸಲೀಸಾಗುವಂತೆ ಮಾಹಿತಿ ಜೋಡಿಸಿಡುವ ಬಗೆಯೇ ಡೇಟಾ ಸ್ಟ್ರಕ್ಚರ್, ಹುಡುಕುವ ಕ್ರಮ ಅಲ್ಗಾರಿದಮ್.

ಬಿಟಿಎಂ ಲೇಔಟಿನ ಪಿಜಿಗಳಲ್ಲಿ ಕೂತು, ಕೆಲಸದ ಇಂಟರ್‌ವ್ಯೂಗೆಂದು ಇದನ್ನು ತಾವೇ ಕಲಿಯುವವರ ಮೇಜಿನ ಮೇಲೆ ಕೋರ್ಮೆನ್ ಮತ್ತು ಸಂಗಡಿಗರ ದಪ್ಪ ಪುಸ್ತಕ ಇದ್ದೇ ಇರುತ್ತದೆ. ಲೇಖಕರ ಹೆಸರಿನ ಮೊದಲಕ್ಷರ ಸೇರಿಸಿ ಅದಕ್ಕೆ ‘ಸಿಎಲ್‌ಆರ್‌ಎಸ್’ ಎನ್ನುತ್ತಾರೆ. 1990ರಲ್ಲಿ ಬಂದದ್ದು, 2022ರ ನಾಲ್ಕನೇ ಆವೃತ್ತಿ 1,300 ಪುಟ ದಾಟಿದೆ. ಗಟ್ಟಿ ಪುಸ್ತಕವೇ. ಆದರೆ ಕೇಳಲು ಮೇಷ್ಟ್ರಿಲ್ಲದವರಿಗೆ ಮೊದಲ ಪುಸ್ತಕವಲ್ಲ. ವಿಟಿಯು ವಿದ್ಯಾರ್ಥಿಗಳಿಗೆ ಪರಿಚಿತವಾದ ಲೆವಿಟಿನ್ ಪುಸ್ತಕ ಮೇಲೆಂದು ನನ್ನೆಣಿಕೆ: ಸಮಸ್ಯೆಗಳ ಪಟ್ಟಿ ಹಿಡಿಯದೆ, ಬಿಡಿಸುವ ಉಪಾಯಗಳ ಪ್ರಕಾರ ಅಧ್ಯಾಯ ಕಟ್ಟಿದ್ದಾರೆ.

ಇನ್ನೊಬ್ಬರ ಮಾತು ನಂಬುವುದಕ್ಕಿಂತ ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಜಯನಗರದ ಸಪ್ನಾ ಪುಸ್ತಕದಂಗಡಿಗೆ ಹೋಗಿ, ಕೈಗೆ ಬಂದ ಪುಸ್ತಕದಲ್ಲಿ ಬೈನರಿ ಸರ್ಚ್ ಪುಟ ತೆಗೆಯಿರಿ. ಅಂಕಿಗಳು ಏರಿಕೆ ಕ್ರಮದಲ್ಲಿದ್ದಾಗ ನಡುವಿನದನ್ನು ನೋಡಿ ಅರ್ಧ ಬಿಡುತ್ತ ಹೋಗುವ ವಿಧಾನ ಇದು. ಒಂದು ಲಕ್ಷ ಅಂಕಿಯಿದ್ದರೂ 17 ಸಲ ನೋಡಿದರೆ ಮುಗಿಯಿತು. ಕೇಳಲು ಸುಲಭ. ಆದರೆ ವೃತ್ತಿನಿರತ ಪ್ರೋಗ್ರಾಮರುಗಳಿಗೆ ಕಂಪ್ಯೂಟರ್ ವಿಜ್ಞಾನಿ ಜಾನ್ ಬೆಂಟ್ಲಿ ಇದನ್ನು ಬರೆಯಲು ಕೊಟ್ಟಾಗ ಹೆಚ್ಚಿನವರು ತಪ್ಪಿದರು. ಬೆಂಟ್ಲಿ ಸರಿಯೆಂದು ಸಾಧಿಸಿದ ಕೋಡಿನಲ್ಲೂ ಹುಳುಕಿತ್ತು! ಅದೇ ಹುಳುಕು ಜಾವಾ ಲೈಬ್ರರಿಯಲ್ಲಿ ತಾನು ಬರೆದ ಕೋಡಿನಲ್ಲೂ ಇತ್ತೆಂದು ಜೋಶುವಾ ಬ್ಲಾಕ್ 2006ರಲ್ಲಿ ತಿಳಿಸಿದರು. ನಡು ಕಂಡುಹಿಡಿಯಲು ಎರಡು ತುದಿಗಳನ್ನು ಕೂಡಿ ಎರಡರಿಂದ ಭಾಗಿಸುತ್ತೇವಲ್ಲ, ಆ ಮೊತ್ತ 2,14,74,83,647 ದಾಟಿದರೆ 32 ಬಿಟ್ಟಿನ ಲೆಕ್ಕದಲ್ಲಿ ಋಣಸಂಖ್ಯೆಯಾಗಿಬಿಡುತ್ತದೆ. ತುದಿಗಳ ಅಂತರದ ಅರ್ಧವನ್ನು ಎಡತುದಿಗೆ ಸೇರಿಸಿದರೆ ಆ ಅಪಾಯವಿಲ್ಲ.

ಹಳೆಯ ಪುಸ್ತಕದಲ್ಲಿ ಈ ಹುಳುಕಿದೆಯೆಂದು ತಳ್ಳಿಹಾಕಬೇಕಿಲ್ಲ. ನೋಡಬೇಕಾದ್ದು ಬೇರೆ: ಹತ್ತು ಸಾಲು ಕೋಡು ಕೊಟ್ಟು ‘ಔಟ್‌ಪುಟ್’ ಅಚ್ಚು ಹಾಕಿ ಮುಂದೆ ಹೋಗಿದ್ದಾರೋ, ಅಥವಾ ‘ಹುಡುಕುವ ಅಂಕಿ ಇರುವುದಾದರೆ ಅದು ಇನ್ನೂ ಈ ಎರಡು ತುದಿಗಳ ನಡುವೆಯೇ ಇದೆ’ ಎಂಬುದು ಪ್ರತಿ ಸುತ್ತಿನಲ್ಲೂ ಏಕೆ ನಿಜವೆಂದು ತೋರಿಸಿದ್ದಾರೋ? ಅಂಕಿಯೇ ಇಲ್ಲದಿದ್ದರೆ ಎಲ್ಲಿ ನಿಲ್ಲಬೇಕೆಂದು ಹೇಳಿದ್ದಾರೋ? ಏಳು ಅಂಕಿ ಬರೆದುಕೊಂಡು ಪುಸ್ತಕದ ಪ್ರಕಾರ ಪೆನ್ಸಿಲ್ಲಿನಲ್ಲಿ ನಡೆದು ನೋಡಿ. ಮೂರು ಸಲಕ್ಕೆ ಮುಗಿಯಬೇಕು.

ಹೊಸ ಆವೃತ್ತಿಯ ಹಟ ಬೇಡ. ಸಿಎಲ್‌ಆರ್‌ಎಸ್‌ನ 2009ರ ಆವೃತ್ತಿ ಎರಡನೇ ಪುಸ್ತಕವಾಗಿ ಧಾರಾಳ ಸಾಕು. ಟರ್ಬೊ ಸಿ ಕಾಲದ ಕೋಡಿರುವ ಪುಸ್ತಕ ಮಾತ್ರ ತೊಡಕು, ಇಂದಿನ ಕಂಪೈಲರಿಗೆ ತಿದ್ದುವುದರಲ್ಲೇ ಸಂಜೆ ಕಳೆಯುತ್ತದೆ. ಅವೆನ್ಯೂ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹಿಂದಿನವರು ಪೆನ್ಸಿಲ್ ಗೀಟು ಹಾಕಿದ್ದು ಯಾವ ಪುಟದವರೆಗೆ ಎಂದೂ ನೋಡಿ. ಸಿಎಲ್‌ಆರ್‌ಎಸ್ ಆದರೆ ಸಾಮಾನ್ಯವಾಗಿ ಮೂರನೇ ಅಧ್ಯಾಯದ ಆಚೆ ಪುಟಗಳು ಗರಿಗರಿಯಾಗಿಯೇ ಇರುತ್ತವೆ.