ಪುಟ್ಟ ಎದೆಗೆ ಎಷ್ಟು ಕಿರಣ ಸಾಕು?

ಜ್ವರ, ಕೆಮ್ಮು, ಏದುಸಿರು. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಿರಲಿ, ವಿಜಯನಗರದ ಅಡ್ಡರಸ್ತೆಯ ನರ್ಸಿಂಗ್ ಹೋಮ್ ಇರಲಿ, ಮಗುವನ್ನು ಎತ್ತಿಕೊಂಡು ಬಂದ ತಾಯಿಯ ಕೈಗೆ ‘ಎದೆಯ ಎಕ್ಸ್‌ರೇ’ ಎಂಬ ಚೀಟಿ ಬಂದೊಡನೆ ಏಳುವ ಪ್ರಶ್ನೆ ಒಂದೇ: ‘ಮಗುವಿಗೆ ಏನೂ ಆಗಲ್ಲ ತಾನೆ?’

ಹೆದರುವ ಕಾರಣವಿಲ್ಲ. ಸರಿಯಾಗಿ ತೆಗೆದ ಒಂದು ಎದೆಯ ಚಿತ್ರದಿಂದ ಮಗುವಿಗೆ ತಗಲುವ ವಿಕಿರಣ ಸಾಮಾನ್ಯವಾಗಿ 0.1 ಮಿಲಿಸೀವರ್ಟ್‌ಗಿಂತ ಕಡಿಮೆ. ಮಣ್ಣು, ಗಾಳಿ, ಆಹಾರ, ಆಕಾಶಗಳಿಂದ ಮನುಷ್ಯನಿಗೆ ವರ್ಷಕ್ಕೆ ಸಿಗುವ ಜಾಗತಿಕ ಸರಾಸರಿಯೇ 2.4 ಮಿಲಿಸೀವರ್ಟ್. ಹಾಗೆಂದು ಉದಾಸೀನವೂ ಸಲ್ಲದು. ಬೆಳೆಯುವ ಮಕ್ಕಳ ಜೀವಕೋಶಗಳು ವೇಗವಾಗಿ ಒಡೆಯುತ್ತವೆ. ಅವರ ಮುಂದೆ ದೀರ್ಘ ಆಯುಷ್ಯವಿದೆ.

ಹಾಗಾದರೆ ಕಿರಣವನ್ನು ತೀರಾ ಕಡಿಮೆ ಮಾಡಬಾರದೇಕೆ? ತುಂತುರು ಹನಿಯಲ್ಲಿ ಅಂಗಳದ ಕಲ್ಲು ಅಲ್ಲಲ್ಲಿ ಮಾತ್ರ ನೆನೆಯುತ್ತದೆ; ಮಳೆ ಜೋರಾದರೆ ಸಮನಾಗಿ ತೋಯುತ್ತದೆ. ಎಕ್ಸ್‌ರೇ ಕಣಗಳೂ ಹಾಗೆಯೇ. ಒಂದು ಚುಕ್ಕೆಗೆ ಸರಾಸರಿ 100 ಕಣ ಬಿದ್ದರೆ ಏರುಪೇರು ಸುಮಾರು 10, ಅಂದರೆ ಶೇ. 10. 400 ಬಿದ್ದರೆ ಏರುಪೇರು 20, ಅಂದರೆ ಶೇ. 5. ಚಿತ್ರದ ಮಚ್ಚೆ ಅರ್ಧವಾಗಬೇಕಾದರೆ ವಿಕಿರಣ ನಾಲ್ಕು ಪಟ್ಟಾಗಬೇಕು! ತೀರಾ ಕಡಿಮೆಯಾದರೆ ನ್ಯುಮೋನಿಯಾದ ಮಸುಕು ನೆರಳು ಮಚ್ಚೆಗಳಲ್ಲೇ ಅಡಗಬಹುದು.

ಹಿಂದೆ ಫಿಲ್ಮ್‌ಗೆ ಕಿರಣ ಹೆಚ್ಚಾದರೆ ಅದು ಕಪ್ಪಾಗಿ ತಪ್ಪನ್ನು ತಾನೇ ಹೇಳುತ್ತಿತ್ತು. ಇಂದಿನ ಡಿಜಿಟಲ್ ಯಂತ್ರದಲ್ಲಿ ಕಂಪ್ಯೂಟರ್ ಬೆಳಕನ್ನು ಸರಿದೂಗಿಸುವುದರಿಂದ ಹೆಚ್ಚು ಕಿರಣದ ಚಿತ್ರ ಇನ್ನೂ ಅಂದವಾಗಿಯೇ ಕಾಣುತ್ತದೆ. ಅಪಾಯವಿರುವುದು ಇಲ್ಲಿಯೇ. ಬೇಕಿರುವುದು ಅಂದದ ಚಿತ್ರವಲ್ಲ, ರೋಗ ಗುರುತಿಸಲು ಸಾಕಾಗುವ ಚಿತ್ರ.

ಇದಕ್ಕೆ ತಂತ್ರಜ್ಞರ ಕೈಯಲ್ಲಿ ಸರಳ ಉಪಾಯಗಳಿವೆ. ಕಿರಣ ಎದೆಯ ಭಾಗಕ್ಕಷ್ಟೇ ಬೀಳುವಂತೆ ಕಿಂಡಿ ಕಿರಿದು ಮಾಡುವುದು ಮೊದಲನೆಯದು. ಪುಟ್ಟ ದೇಹದಲ್ಲಿ ಚದುರುವ ಕಿರಣ ಕಡಿಮೆಯಾದ್ದರಿಂದ, ದೊಡ್ಡವರಿಗೆ ಬಳಸುವ ಜಾಲರಿಯನ್ನು ತೆಗೆದಿಡುವುದು ಎರಡನೆಯದು. ಜಾಲರಿ ಇದ್ದರೆ ಹೆಚ್ಚು ಕಿರಣ ಬೇಕು. ಸೆಕೆಂಡಿನ ಸಾವಿರದ ಕೆಲವೇ ಭಾಗದಲ್ಲಿ ಕೆಲಸ ಮುಗಿಸಿದರೆ ಮಗು ಮಿಸುಕಿದರೂ ಚಿತ್ರ ಕೆಡುವುದಿಲ್ಲ. ಕೆಟ್ಟರೆ ಮತ್ತೆ ತೆಗೆಯಬೇಕು, ಆಗ ವಿಕಿರಣ ಇಮ್ಮಡಿ. ಅಳುವ ಮಗು ಉಸಿರೆಳೆದುಕೊಳ್ಳುವ ಕ್ಷಣಕ್ಕೆ ಕಾಯುವ ತಾಳ್ಮೆ ಯಾವ ಯಂತ್ರದಲ್ಲೂ ಇಲ್ಲ.

1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ದೇಶದ ಎಕ್ಸ್‌ರೇ ಘಟಕಗಳ ಮೇಲೆ ಕಣ್ಣಿಟ್ಟಿದೆ. ಆದರೆ ತಂದೆತಾಯಿಯರ ಪಾಲೂ ಇದೆ. ಹಳೆಯ ಎಕ್ಸ್‌ರೇಗಳನ್ನು ಜೋಪಾನವಾಗಿಟ್ಟು ಜೊತೆಗೆ ತರಬೇಕು. ಮಗುವನ್ನು ಹಿಡಿದು ನಿಲ್ಲುವವರು ಸೀಸದ ಏಪ್ರನ್ ತೊಡಬೇಕು; ಗರ್ಭಿಣಿಯರು ಹೊರಗಿರಬೇಕು. ಮನೆಯಲ್ಲೇ ವಾಸಿಯಾಗುವ ನ್ಯುಮೋನಿಯಾಕ್ಕೆ ಎಲ್ಲ ಸಲವೂ ಎಕ್ಸ್‌ರೇ ಬೇಕಿಲ್ಲ. ‘ಡಾಕ್ಟರೇ, ಇದು ಬೇಕೇ?’ ಎಂದು ಕೇಳಲು ಸಂಕೋಚ ಬೇಡ. ‘ಬೇಕು’ ಎಂದರೆ ತೆಗೆಸಲು ಹಿಂಜರಿಕೆಯೂ ಬೇಡ.