ಕಂಬಳದ ಓಟಕ್ಕೆ ಯಾವ ಅಳತೆಗೋಲು?

2020ರ ಫೆಬ್ರವರಿಯಲ್ಲಿ ಐಕಳ ಕಂಬಳದ ಕರೆಯಲ್ಲಿ ಮೂಡಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಯಾರೋ ಕುಳಿತು ಭಾಗಾಕಾರ ಮಾಡಿದರು. 100 ಮೀಟರಿಗೆ 9.55 ಸೆಕೆಂಡು ಎಂಬ ಉತ್ತರ ಬಂತು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಸ್ಥಾಪಿಸಿದ ವಿಶ್ವದಾಖಲೆ 9.58. ಇನ್ನೇನು ಬೇಕು? ಸುದ್ದಿ ದಿಲ್ಲಿ ಮುಟ್ಟಿತು, ಕೇಂದ್ರ ಕ್ರೀಡಾ ಸಚಿವರಿಂದ ಆಯ್ಕೆ ಪರೀಕ್ಷೆಗೆ ಆಹ್ವಾನವೂ ಬಂತು. ಗೌಡರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿಗೆ ಕೆಲಸ, ಟ್ರ್ಯಾಕಿನಲ್ಲಿ ಕಾಲ್ಬೆರಳಿಗೆ; ಜೊತೆಗೆ ಕೋಣಗಳ ಪಾಲೂ ಇದೆ ಎಂದರು. ಭಾಗಾಕಾರ ಮಾಡಿದವರಿಗಿಂತ ಓಡಿದವರಿಗೇ ಲೆಕ್ಕ ಚೆನ್ನಾಗಿ ಗೊತ್ತಿತ್ತು.

ಅದೇ ತಿಂಗಳು ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು. ಭಾಗಿಸಿದರೆ 9.51. ಮರುವರ್ಷ ಬಂಟ್ವಾಳ ತಾಲ್ಲೂಕಿನ ಕಕ್ಕೆಪದವಿನಲ್ಲಿ ಗೌಡರು 125 ಮೀಟರಿಗೆ ತೆಗೆದುಕೊಂಡದ್ದು 11.21 ಸೆಕೆಂಡು, ಭಾಗಿಸಿದರೆ 8.96. ಓಟದ ಅಂಕಣದಲ್ಲಿ 1968ರ 9.95ರಿಂದ 9.58ಕ್ಕೆ ಇಳಿಯಲು ಜಗತ್ತಿಗೆ 41 ವರ್ಷ ಬೇಕಾಯಿತು. ಇಲ್ಲಿ ಒಂದೇ ವರ್ಷದಲ್ಲಿ ಅರ್ಧ ಸೆಕೆಂಡಿಗೂ ಹೆಚ್ಚು ಇಳಿಕೆ! ಬದಲಾದದ್ದು ಓಟಗಾರನೋ, ಕರೆಯೋ?

ಕರೆಯಿಂದ ಕರೆಗೆ ಉದ್ದ ಬೇರೆ, ಕೆಸರಿನ ಆಳ ಬೇರೆ, ನೀರು ಬೇರೆ. ಹಗ್ಗದ ಓಟವೇ ಬೇರೆ, ನೇಗಿಲಿನದೇ ಬೇರೆ. ಅಡ್ಡ ಹಲಗೆಯಲ್ಲಂತೂ ಓಡಿಸುವವನು ಹಲಗೆಯ ಮೇಲೆ ನಿಂತಿರುತ್ತಾನೆ. ಕನೆ ಹಲಗೆಯಲ್ಲಿ ನೋಡುವುದು ನೀರು ಎಷ್ಟೆತ್ತರ ಚಿಮ್ಮಿತು ಎಂಬುದನ್ನೇ ಹೊರತು ಸೆಕೆಂಡನ್ನಲ್ಲ. ಇವೆಲ್ಲವನ್ನೂ 100 ಮೀಟರಿನ ಒಂದೇ ಸೇರಿನಲ್ಲಿ ಅಳೆಯಹೊರಟರೆ ಅಕ್ಕಿಯೂ ಹೊಟ್ಟೂ ಒಂದೇ ಲೆಕ್ಕಕ್ಕೆ ಬರುತ್ತವೆ.

ಅಮೆರಿಕದ ಬೇಸ್‌ಬಾಲ್ ಆಟದವರಿಗೂ ಇದೇ ತಲೆನೋವಿತ್ತು. ಅಲ್ಲಿನ ನ್ಯಾಷನಲ್ ಲೀಗ್‌ನಲ್ಲಿ 1930ರಲ್ಲಿ ಎಲ್ಲ ಆಟಗಾರರ ಒಟ್ಟು ಹೊಡೆತದ ಸರಾಸರಿಯೇ .303 ಇತ್ತು. 1968ರಲ್ಲಿ ಅಮೆರಿಕನ್ ಲೀಗ್‌ನ ಅಗ್ರ ಹೊಡೆತಗಾರ ಕಾರ್ಲ್ ಯಾಸ್ಟ್ರೆಮ್‌ಸ್ಕಿ ಗಳಿಸಿದ್ದು ಬರೇ .301. ಹಾಗೆಂದು ಆತ 1930ರ ಸಾಮಾನ್ಯನಿಗಿಂತ ಕೀಳೇ? ಅಲ್ಲ. ಆ ವರ್ಷ ಆತನ ಲೀಗ್‌ನ ಸರಾಸರಿ .230 ಮಾತ್ರ, ಚೆಂಡೆಸೆಯುವವರದೇ ರಾಜ್ಯ. ಮರುವರ್ಷ ಎಸೆತದ ದಿಬ್ಬವನ್ನೇ 15 ಇಂಚಿನಿಂದ 10 ಇಂಚಿಗೆ ತಗ್ಗಿಸಬೇಕಾಯಿತು. ಹೀಗಾಗಿ ಅಲ್ಲಿನ ಲೆಕ್ಕಿಗರು ಆಯಾ ವರ್ಷದ ಸರಾಸರಿಯನ್ನು 100 ಎಂದು ಇಟ್ಟುಕೊಂಡು ಆಟಗಾರ ಅದಕ್ಕಿಂತ ಎಷ್ಟು ಮೇಲೆ ಎಂದು ನೋಡುತ್ತಾರೆ. ಮೈದಾನದ ಗುಣವನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ.

ಇದನ್ನು ನಮ್ಮ ಕರೆಗೆ ತರುವುದು ಕಷ್ಟವೇನಲ್ಲ. ಲೆಕ್ಕಕ್ಕಾಗಿ ಹೀಗೆ ಊಹಿಸೋಣ: ಉದ್ದದ ಕರೆಯೊಂದರಲ್ಲಿ ಆ ದಿನ ಅದೇ ವಿಭಾಗದ ಎಲ್ಲ ಜೋಡಿಗಳ ಸರಾಸರಿ 14.20 ಸೆಕೆಂಡು, ಒಬ್ಬರು 13.62ಕ್ಕೆ ಮುಟ್ಟಿದರು. ಸರಾಸರಿಯನ್ನು ಅವರ ಸಮಯದಿಂದ ಭಾಗಿಸಿ 100ರಿಂದ ಗುಣಿಸಿದರೆ ಸುಮಾರು 104. ಗಿಡ್ಡ ಕರೆಯಲ್ಲಿ ಸರಾಸರಿ 11.60 ಇದ್ದು ಒಬ್ಬರು 11.21ಕ್ಕೆ ಮುಟ್ಟಿದರೆ 103. ಬೋಲ್ಟ್‌ನನ್ನು ಹಿಂದಿಕ್ಕಿದಂತೆ ಕಾಣುವ ಎರಡನೆಯ ಓಟ ನಿಜಕ್ಕೆ ಒಂದು ಕೂದಲೆಳೆ ಕೆಳಗೆ! ಮನುಷ್ಯನನ್ನೂ ಕೋಣವನ್ನೂ ಬೇರ್ಪಡಿಸಲು ಈ ಲೆಕ್ಕಕ್ಕೂ ಆಗದು. ಅದು ಜೋಡಿಯ ಅಂಕ.

ಹಾಗೆ ನೋಡಿದರೆ ಕಂಬಳ ಮೊದಲಿನಿಂದ ಕೇಳಿದ್ದು ಪಕ್ಕದವನ ಲೆಕ್ಕವನ್ನೇ. ಮೂಡಬಿದಿರೆಯ ಕಡಲಕೆರೆಯಲ್ಲಿ ಕೋಟಿ-ಚೆನ್ನಯ, ವೇಣೂರಿನಲ್ಲಿ ಸೂರ್ಯ-ಚಂದ್ರ, ಕಕ್ಕೆಪದವಿನಲ್ಲಿ ಸತ್ಯ-ಧರ್ಮ ಎಂಬ ಜೋಡುಕರೆಗಳು. ಅದೇ ಕೆಸರು, ಅದೇ ಬಿಸಿಲು, ಎರಡು ಜೋಡಿಗಳಲ್ಲಿ ಯಾವುದು ಮುಂದೆ ಎಂಬುದೇ ತೀರ್ಪು. ಸರಾಸರಿ ಬೇಕೆಂದರೆ ಗೆದ್ದವರದಷ್ಟೇ ಅಲ್ಲ, ಮೊದಲ ಸುತ್ತಿನಲ್ಲೇ ಸೋತು ಕೋಣ ಹೊಡೆದುಕೊಂಡು ಮನೆಗೆ ಹೋದವರ ಸಮಯವನ್ನೂ ಬರೆದಿಡಬೇಕು. ಆಳದ ಕೆಸರಿನಲ್ಲಿ ಓಡಿ ಗೆದ್ದರೂ 100 ಮೀಟರಿನ ಲೆಕ್ಕದಲ್ಲಿ ಹಿಂದುಳಿದ ಓಟಗಾರನ ಹೆಸರು ಹೊರಬೀಳುವುದು ಆಗಲೇ.